ಹದಿನಾಲ್ಕು ಮಂದಿಯ ಒಂದೇ ಹೂಂ

ನವೆಂಬರಿನ ಮೊದಲ ಭಾನುವಾರ ಅಮೆರಿಕದ ಗಡಿಯಾರಗಳು ಚಳಿಗಾಲಕ್ಕೆಂದು ಒಂದು ಗಂಟೆ ಹಿಂದೆ ಸರಿದಾಗ ಫಾರ್ಮಿಂಗ್ಟನ್ ಹಿಲ್ಸ್‌ನ ಉಳಿದ ಮನೆಗಳಿಗೆಲ್ಲ ಒಂದು ಗಂಟೆಯ ನಿದ್ರೆ ಲಾಭವಾಯಿತು. ಶ್ರೀಲತಾಳ ಪಾಲಿಗೆ ಅದು ನಷ್ಟವಾಯಿತು. ಇಂಡೊನೇಷ್ಯಾದ ಜಾವಾ ದ್ವೀಪದಲ್ಲಿರುವ ವೊನೊಗಿರಿ ಎಂಬ ಊರು ಯಾವ ಋತುವಿಗೂ ತನ್ನ ಗಡಿಯಾರವನ್ನು ತಿರುಗಿಸುವುದಿಲ್ಲ. ಅವಳ ಆನ್‌ಲೈನ್ ಪಾಠ ಶುರುವಾಗುವ ಅಲ್ಲಿಯ ಸಂಜೆ ಐದು ಗಂಟೆ ಅಕ್ಟೋಬರಿನ ಕೊನೆಯವರೆಗೆ ಇಲ್ಲಿಯ ಬೆಳಗಿನ ಆರಾಗಿತ್ತು, ಸೋಮವಾರದಿಂದ ಐದಾಯಿತು. ಅವಳು ಅಲಾರಂ ಅನ್ನು ನಾಲ್ಕೂವರೆಗೆ ಇಟ್ಟುಕೊಂಡಳು.

ಶ್ರೀಲತಾ ರಾಣೆಬೆನ್ನೂರಿನ ಜೂನಿಯರ್ ಕಾಲೇಜೊಂದರಲ್ಲಿ ಒಂಬತ್ತು ವರ್ಷ ಇಂಗ್ಲಿಷ್ ಕಲಿಸಿದವಳು. ಮಿಶಿಗನ್‌ಗೆ ಬಂದ ಮೇಲೆ ಮೊದಲ ಎಂಟು ವರ್ಷ ವೀಸಾ ಅವಳಿಗೆ ದುಡಿಯುವ ಅನುಮತಿಯನ್ನು ಕೊಡಲಿಲ್ಲ. ಅನುಮತಿ ಸಿಕ್ಕ ಹೊತ್ತಿಗೆ ಅವಳ ಎಂ.ಎ. ಪದವಿಯನ್ನು ಯಾರೂ ಕೇಳಲಿಲ್ಲ. ಈಗ ಅವಳಿಗೆ ನಲವತ್ತೇಳು. ಮಧ್ಯಾಹ್ನ ಶಾಲೆಯೊಂದರ ಕಚೇರಿಯಲ್ಲಿ ಅರೆಕಾಲಿಕ ಕೆಲಸ. ಬೆಳಗಿನ ಜಾವ ತರಬೇತಿ ಸಂಸ್ಥೆಯೊಂದರ ಪರವಾಗಿ ಆನ್‌ಲೈನ್ ಪಾಠ. ಮೈಸೂರಿನವಳಾದ ನೆರೆಯ ಪದ್ಮಜಾ ದೀಪಾವಳಿಯ ಊಟದಲ್ಲಿ ಎಲ್ಲರೆದುರು ಕಾಲೆಳೆದಿದ್ದಳು: "ಏನ್ರೀ ಶ್ರೀಲತಾ, ಅಮೆರಿಕದಲ್ಲಿ ಕೂತ್ಕೊಂಡು ಇಂಡೊನೇಷ್ಯಾಗೆ ರಾಣೆಬೆನ್ನೂರು ಇಂಗ್ಲಿಷ್ ಎಕ್ಸ್‌ಪೋರ್ಟ್ ಮಾಡ್ತಿದೀರಂತೆ!"

"ಹೂಂನ್ರಿ, ಮೈಸೂರಿನ ಮಾಲು ಅಲ್ಲಿ ಖರ್ಚಾಗ್ಲಿಲ್ಲಂತ," ಎಂದು ಶ್ರೀಲತಾ ಉತ್ತರಿಸಿದ್ದಳು. ನಗುವಷ್ಟು ತ್ರಾಣ ಅವಳಲ್ಲಿ ಇನ್ನೂ ಇದ್ದ ದಿನಗಳವು.

ವೊನೊಗಿರಿಯಲ್ಲಿ ಅವಳ ವಿದ್ಯಾರ್ಥಿಗಳು ಹದಿನಾಲ್ಕು ಮಂದಿ, ಎಲ್ಲರೂ ಪ್ರಾಥಮಿಕ ಶಾಲೆಯ ಶಿಕ್ಷಕರು. ಮೂರನೆಯ ತರಗತಿಯಿಂದಲೇ ಇಂಗ್ಲಿಷ್ ಆರಂಭವಾಗಲಿದ್ದುದರಿಂದ, ಅದುವರೆಗೆ ಲೆಕ್ಕವನ್ನೂ ಭಾಷೆಯನ್ನೂ ಕಲಿಸುತ್ತಿದ್ದ ಶಿಕ್ಷಕರೇ ಅದನ್ನೂ ಕಲಿಸಬೇಕಾಗಿತ್ತು. ಯಾರ ಮನೆಯಲ್ಲೂ ನೆಟ್ ಸರಿಯಿಲ್ಲದ ಕಾರಣ ಹದಿನಾಲ್ಕೂ ಮಂದಿ ಒಂದು ಶಾಲೆಯ ಕೋಣೆಯಲ್ಲಿ, ಒಂದೇ ಕ್ಯಾಮೆರಾದ ಮುಂದೆ ಕೂರುತ್ತಿದ್ದರು. ಅವರಲ್ಲಿ ಹಿರಿಯರಾದ ಪಾಕ್ ಹರ್ತೊನೊ ಗುಂಪಿನ ಮುಖಂಡರು. ಪಾಕ್ ಎಂದರೆ ಅಪ್ಪ, ಬು ಎಂದರೆ ಅಮ್ಮ; ಅಲ್ಲಿ ಶಿಕ್ಷಕರನ್ನು ಕರೆಯುವುದೇ ಹಾಗೆ.

ಎರಡನೆಯ ಸಾಲಿನ ಬಲತುದಿಯಲ್ಲಿ ಬು ಮರ್ಸಿನಿ ಕೂರುತ್ತಿದ್ದರು. ವಯಸ್ಸು ಐವತ್ತಾರು. ಇಪ್ಪತ್ತೊಂದು ವರ್ಷಗಳಿಂದ ಒಂದೇ ಶಾಲೆಯ ಮೂರನೆಯ ತರಗತಿ ಅವರದು. ತಾಯಿಗೂ ಮಗಳಿಗೂ ಮಗ್ಗಿ ಕಲಿಸಿದ ಮನೆಗಳು ಆ ಊರಿನಲ್ಲಿದ್ದವು. ತರಬೇತಿಯ ಕೊನೆಯ ಪರೀಕ್ಷೆಯಲ್ಲಿ ಅವರು ಉತ್ತೀರ್ಣರಾಗದಿದ್ದರೆ ಆ ತರಗತಿ ಕಿರಿಯ ಶಿಕ್ಷಕಿಯೊಬ್ಬಳ ಪಾಲಾಗುತ್ತದೆಂದು ಹರ್ತೊನೊ ಮೊದಲ ವಾರವೇ ತಿಳಿಸಿದ್ದರು. ಮರ್ಸಿನಿ ಆಗ ನಕ್ಕು ತಲೆಬಾಗಿದ್ದರು.

ಪ್ರತಿ ಪಾಠದ ಕೊನೆಗೆ ಶ್ರೀಲತಾ, ಅರ್ಥವಾಯಿತೇ ಎಂದು ಕೇಳುತ್ತಿದ್ದಳು. ಹದಿನಾಲ್ಕು ಕಂಠಗಳು ಒಂದಾಗಿ, "ಯೆಸ್, ಮೇಡಂ" ಎನ್ನುತ್ತಿದ್ದವು. ಆ ಸದ್ದು ಅವಳಿಗೆ ಹೊಸದಲ್ಲ. ರಾಣೆಬೆನ್ನೂರಿನ ಕೋಣೆಯಲ್ಲಿ ಎಂಬತ್ತು ಮಕ್ಕಳು "ಹೂಂನ್ರೀ ಮೇಡಂ" ಎಂದು ಹೀಗೆಯೇ ಕೂಗುತ್ತಿದ್ದರು, ಅವರಲ್ಲಿ ಅರವತ್ತು ಮಂದಿಗೆ ಏನೂ ತಿಳಿದಿರುತ್ತಿರಲಿಲ್ಲ. ಅರ್ಥವಾಗಲಿಲ್ಲವೆಂದರೆ ಕಲಿಸಿದವರಿಗೆ ಕಲಿಸಲು ಬರುವುದಿಲ್ಲವೆಂದು ಅವರ ಮುಖದ ಮೇಲೆಯೇ ಹೇಳಿದಂತೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವಳು ವಾರದ ವರದಿಯಲ್ಲಿ, ಹದಿನಾಲ್ಕೂ ಮಂದಿ ಸಮನಾಗಿ ಮುಂದುವರಿಯುತ್ತಿದ್ದಾರೆ ಎಂದು ಬರೆದಳು.

ಏಳನೆಯ ವಾರದ ಒಂದು ಬೆಳಿಗ್ಗೆ ಪಾಠದ ನಡುವೆ ಅಲ್ಲಿ ಸಂಜೆಯ ಬಾಂಗು ಕೇಳಿಸಿತು. ಎಂದಿನಂತೆ ಹತ್ತು ನಿಮಿಷದ ಬಿಡುವು. ಎಲ್ಲರೂ ಪ್ರಾರ್ಥನೆಗೆ ಎದ್ದು ಹೋದರು. ಕ್ಯಾಮೆರಾ ಖಾಲಿ ಕುರ್ಚಿಗಳನ್ನು ತೋರಿಸುತ್ತಿತ್ತು. ಚಹಾದ ಲೋಟ ಹಿಡಿದು ಸುಮ್ಮನೆ ಪರದೆಯನ್ನು ನೋಡುತ್ತಿದ್ದ ಶ್ರೀಲತಾಳಿಗೆ ಮರ್ಸಿನಿಯವರ ಪಕ್ಕದ ಕುರ್ಚಿಯ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದು ಕಾಣಿಸಿತು. ಅದರ ಬೆನ್ನ ಮೇಲೆ ದಪ್ಪ ಅಕ್ಷರಗಳಲ್ಲಿ ಮೂರು ಸಾಲುಗಳಿದ್ದವು. ಐದು ನಿಮಿಷದ ಹಿಂದೆ ಮರ್ಸಿನಿ ಒಂದೊಂದಾಗಿ, ತಡೆತಡೆದು ಹೇಳಿದ ಮೂರು ವಾಕ್ಯಗಳು ಅವೇ. ಅವರು ಪ್ರತಿ ಬಾರಿ ಉತ್ತರಿಸುವಾಗ ಎಡಕ್ಕೆ ನೋಡುತ್ತಿದ್ದುದನ್ನು ಅವಳು ನಾಚಿಕೆಯೆಂದು ಭಾವಿಸಿದ್ದಳು.

ಹತ್ತು ನಿಮಿಷದ ನಂತರ ಅವರೆಲ್ಲ ಮರಳಿದರು. ಹಾಳೆ ಮಾಯವಾಯಿತು. ಶ್ರೀಲತಾ ಮುಂದಿನ ಪುಟಕ್ಕೆ ಹೋದಳು.

ಮೇಲಿನ ಕೋಣೆಯಿಂದ ಇಳಿದು ಬಂದ ಗಂಡ ಈರೇಶ್ ಅಡುಗೆಮನೆಯಲ್ಲಿ ಅವಳ ಮುಖ ನೋಡಿದ. ಅವನು ಆಬರ್ನ್ ಹಿಲ್ಸ್‌ನ ಕಾರು ಕಂಪನಿಯ ಎಂಜಿನಿಯರ್.

"ಎಷ್ಟ್ ದಿವ್ಸ ಅಂತ ಹಿಂಗ್ ನಿದ್ದಿಗೆಡ್ತಿ? ಬಿಟ್ ಬಿಡಬಾರ್ದೇನ್?"

"ಬಿಟ್ಟು ಏನ್ ಮಾಡ್ಲಿ? ನಿಮ್ಮ ಕಾರಿನ ಗಾಜಿನ ಮ್ಯಾಲಿನ ಐಸ್ ಕೆರೀಲೇನು?"

"ಯಾರರ ಕೆರದ್ರ ಬ್ಯಾಡ ಅನ್ನೂದಿಲ್ಲ. ಹೊರಗ ಮೈನಸ್ ಏಳ್ ಡಿಗ್ರಿ ಐತಿ."

ಅವಳು ಕ್ಯಾಲೆಂಡರ್ ಹಾಳೆಯ ವಿಷಯ ಹೇಳಿದಳು. "ಆಕಿಗೆ ಏನೂ ಬರೂದಿಲ್ರಿ. ಬಾಜೂಕ ಕುಂತಾಕಿ ಬರದ್ ತೋರಸ್ತಾಳ, ಈಕಿ ಓದ್ತಾಳ."

"ಹಂಗಾರ ಪಾಸಾದ್ಳು ಬಿಡು. ನಾವು ಎಂಜಿನಿಯರಿಂಗ್ ಹೆಂಗ್ ಪಾಸಾದ್ವಿ ಅಂತ ಮಾಡಿ?"

"ನಗೋ ಮಾತಲ್ರಿ. ಪರೀಕ್ಷೆಗೆ ಒಬ್ಬೊಬ್ರ ಕೂಡಬೇಕು, ಬಾಗ್ಲಾ ಹಾಕ್ಕೊಂಡು."

"ಮತ್ತ ಈಗ ಹೇಳ್ ಹೋಗು ಅವರಿಗೆ."

ಹದಿನಾರರ ಮಗಳು ಧೃತಿ ಬ್ಯಾಗು ಹೆಗಲಿಗೇರಿಸುತ್ತ, "ಮಾಮ್, ಯು ಲುಕ್ ಡೆಡ್" ಎಂದು ಹೇಳಿ ಕಾರಿನ ಕೀಲಿಗಾಗಿ ಕೈ ಚಾಚಿದಳು.

ಶ್ರೀಲತಾ ಹೇಳಲಿಲ್ಲ. ಹೇಳಿದರೆ ಏಳು ವಾರಗಳ ಪಾಠವನ್ನು ಒಬ್ಬರಿಗಾಗಿ ಮೊದಲಿನಿಂದ ತೆಗೆಯಬೇಕು. ವಾರದ ವರದಿಗಳನ್ನು ತಿದ್ದಬೇಕು. ಆ ಹಾಳೆ ಹಿಡಿದವಳನ್ನು ಹದಿಮೂರು ಮಂದಿಯ ಎದುರು ನಿಲ್ಲಿಸಬೇಕು. ನಾಳೆ ನೋಡೋಣ ಎಂದುಕೊಂಡಳು. ಹಾಗೆ ಮೂರು ವಾರಗಳು ಕಳೆದವು. ದಣಿದವರಿಗೆ ‘ಹೂಂ’ ಎಂಬ ಉತ್ತರದಷ್ಟು ಹಿತವಾದುದು ಬೇರೊಂದಿಲ್ಲ.

ಪರೀಕ್ಷೆಯ ಹಿಂದಿನ ದಿನ ಹರ್ತೊನೊ ಒಬ್ಬರೇ ಪರದೆಗೆ ಬಂದರು. ಅಳೆದು ತೂಗಿದ ಇಂಗ್ಲಿಷಿನಲ್ಲಿ, ಬು ಮರ್ಸಿನಿಯವರನ್ನು ಕೊನೆಯಲ್ಲಿ ಕರೆಯಬಹುದೇ, ಬಾಗಿಲನ್ನು ಸ್ವಲ್ಪ ತೆರೆದಿಟ್ಟರೆ ಅವರಿಗೆ ಧೈರ್ಯವಿರುತ್ತದೆ ಎಂದರು. ಶ್ರೀಲತಾ ಬಾಗಿಲು ಮುಚ್ಚಿರಬೇಕೆಂದಳು. "ಯೆಸ್, ಮೇಡಂ," ಎಂದು ಅವರು ನಕ್ಕರು.

ಮರುದಿನ ಕೊನೆಯವರಾಗಿ ಮರ್ಸಿನಿ ಬಂದರು. ಮಡಿಕೆ ಮುರಿಯದ ಬಾತಿಕ್ ಅಂಗಿ, ಅದಕ್ಕೊಪ್ಪುವ ತಲೆವಸ್ತ್ರ. ನಿಮ್ಮ ಶಾಲೆಯ ಬಗ್ಗೆ ಹೇಳಿ ಎಂದು ಶ್ರೀಲತಾ ಕೇಳಿದಾಗ ಅವರ ಕಣ್ಣು ಅಭ್ಯಾಸಬಲದಿಂದ ಎಡಕ್ಕೆ ಹೊರಳಿತು. ಅಲ್ಲಿ ಗೋಡೆ ಇತ್ತು.

"ಯೆಸ್, ಮೇಡಂ," ಎಂದರು.

ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ?

"ಯೆಸ್, ಮೇಡಂ."

ಹನ್ನೆರಡು ನಿಮಿಷ ಅವರು ಮುಗುಳುನಗೆಯನ್ನು ಕೆಳಗಿಳಿಸಲಿಲ್ಲ. ಹಣೆಯ ಬೆವರು ಮಾತ್ರ ಕಪೋಲದವರೆಗೆ ಇಳಿಯಿತು. ಅರವತ್ತಕ್ಕೆ ಮೂವತ್ತಾರು ಬೇಕಿತ್ತು. ಶ್ರೀಲತಾ ಹತ್ತೊಂಬತ್ತು ಕೊಟ್ಟಳು. ಪರೀಕ್ಷೆಯ ಧ್ವನಿಮುದ್ರಣವು ತರಬೇತಿ ಸಂಸ್ಥೆಗೆ ಹೋಗುವುದರಿಂದ ಅದಕ್ಕಿಂತ ಹೆಚ್ಚು ಕೊಡುವಂತಿರಲಿಲ್ಲ, ಅವಳಿಗೆ ಮನಸ್ಸೂ ಬರಲಿಲ್ಲ. ಉಳಿದ ಹದಿಮೂರು ಮಂದಿ ಉತ್ತೀರ್ಣರಾದರು. ಮೂರು ವಾರಗಳೊಳಗೆ ಬೇರೊಬ್ಬ ಪರೀಕ್ಷಕರ ಮುಂದೆ ಮರುಪರೀಕ್ಷೆಗೆ ಅವಕಾಶವಿತ್ತು.

ಫಲಿತಾಂಶದ ದಿನ ಮರ್ಸಿನಿಯವರನ್ನೂ ಹರ್ತೊನೊ ಅವರನ್ನೂ ಕೂರಿಸಿಕೊಂಡು ಶ್ರೀಲತಾ ನಿಧಾನವಾಗಿ ಹೇಳಿದಳು: ಆ ಹಾಳೆಯನ್ನು ನಾನು ಮೂರು ವಾರದ ಹಿಂದೆಯೇ ನೋಡಿದ್ದೆ, ನೋಡಿಯೂ ಸುಮ್ಮನಿದ್ದೆ, ತಪ್ಪು ನನ್ನದು, ಮರುಪರೀಕ್ಷೆಯವರೆಗೆ ದಿನವೂ ನಿಮಗೊಬ್ಬರಿಗೇ ಪಾಠ ಮಾಡುತ್ತೇನೆ. ಇದನ್ನು ಅವರಿಗೆ ಅವರ ಭಾಷೆಯಲ್ಲಿ ಹೇಳಿರೆಂದು ಹರ್ತೊನೊ ಅವರನ್ನು ಕೋರಿದಳು.

ಹರ್ತೊನೊ ಅವರ ಅನುವಾದ ಒಂದೇ ಸಣ್ಣ ವಾಕ್ಯದಲ್ಲಿ ಮುಗಿಯಿತು.

"ನನ್ನ ತಪ್ಪೆಂಬುದನ್ನು ಹೇಳಿದಿರಾ, ಪಾಕ್?"

ಅವರು ಮೇಜನ್ನು ನೋಡಿದರು. ನಾಳೆಯಿಂದ ಪಾಠವಿದೆಯೆಂದು ಹೇಳಿದೆ, ಎಂದರು. ಗುರುವಿನ ತಪ್ಪನ್ನು ಶಿಷ್ಯರ ಎದುರು ಉಚ್ಚರಿಸುವುದು ಅವರಿಂದಾಗಲಿಲ್ಲ. ಮರ್ಸಿನಿ ಎಂದಿನಂತೆ ತಲೆಬಾಗಿ, "ಯೆಸ್, ಮೇಡಂ" ಎಂದರು.

ಡಿಸೆಂಬರಿನ ಆ ಮೂರು ವಾರ ಶ್ರೀಲತಾ ಕಂಬಳಿ ಹೊದ್ದು ಪಾಠ ಮಾಡಿದಳು. ಅರ್ಥವಾಯಿತೇ ಎಂದು ಕೇಳುವುದನ್ನು ಬಿಟ್ಟಳು. ಅರ್ಥವಾಗದ ಒಂದನ್ನು ತೋರಿಸಿ ಎಂದು ಕೇಳಿ ಕಾಯತೊಡಗಿದಳು. ಮೊದಲ ದಿನ ಮೌನ, ಎರಡನೆಯ ದಿನ ಮೌನ. ಕಾಯುವುದು ಕಲಿಸುವುದಕ್ಕಿಂತ ದಣಿವಿನ ಕೆಲಸ. ಒಂದು ಸಲ ಕಾಯುತ್ತಲೇ ಅವಳಿಗೆ ತೂಕಡಿಕೆ ಬಂತು. ಕಣ್ಣು ತೆರೆದಾಗ ಮರ್ಸಿನಿ ಕರೆಯದೆ, ಕದಲದೆ ಕೂತಿದ್ದರು. ಆರನೆಯ ದಿನ ಅವರ ಬೆರಳು ಪುಸ್ತಕದ ಪುಟವೊಂದರ ಮೇಲೆ ಇಳಿಯಿತು.

"ಮೇಡಂ," ಎಂದರು. ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲಗೆ ಸೇರಿಸಿದರು: "ದಿಸ್... ನೋ."

ಆ ದಿನದಿಂದ ಪಾಠ ನಡೆಯಿತು. ದಿನಕ್ಕೆ ಎರಡು ‘ನೋ’, ಆಮೇಲೆ ಐದು. ಆದರೆ ಉಳಿದ ದಿನಗಳು ಸಾಲಲಿಲ್ಲ. ಮರುಪರೀಕ್ಷೆಯಲ್ಲಿ ಅವರಿಗೆ ಮೂವತ್ತನಾಲ್ಕು ಬಂತು. ಎರಡು ಅಂಕಗಳ ಕೊರತೆ. ಜುಲೈಯಿಂದ ಮೂರನೆಯ ತರಗತಿ ಕಿರಿಯವಳಿಗೆ, ಇಂಗ್ಲಿಷ್ ಇಲ್ಲದ ಒಂದನೆಯ ತರಗತಿ ಮರ್ಸಿನಿಯವರಿಗೆ ಎಂದು ಹರ್ತೊನೊ ಸಂದೇಶ ಕಳಿಸಿದರು. ಮೊದಲ ಏಳು ವಾರಗಳಲ್ಲಿ ತಾನು ಒಂದು ದಿನವಾದರೂ ಹೀಗೆ ಕಾದಿದ್ದರೆ ಎಂಬ ಲೆಕ್ಕವನ್ನು ಶ್ರೀಲತಾ ಎರಡು ದಿನ ಮಾಡಿದಳು.

ವಿದಾಯ ಹೇಳಲೆಂದು ಕೊನೆಯ ಸಲ ಕರೆ ಹಚ್ಚಿದಾಗ ಮರ್ಸಿನಿ ಒಬ್ಬರೇ ಇದ್ದರು. ಅನುವಾದಕ್ಕೆ ಯಾರೂ ಇರಲಿಲ್ಲ. ಶ್ರೀಲತಾ ಸರಳ ಪದಗಳಲ್ಲಿ ಕ್ಷಮೆ ಕೇಳಿದಳು. ಮರ್ಸಿನಿ ಕೈಯಾಡಿಸಿ ಅದನ್ನು ಬದಿಗೆ ಸರಿಸಿದರು. ಆಮೇಲೆ ಪುಸ್ತಕ ತೆರೆದು ಕ್ಯಾಮೆರಾದ ಹತ್ತಿರ ಹಿಡಿದರು. ಪುಟದಲ್ಲಿ ಪೆನ್ಸಿಲಿನ ಗುರುತುಗಳು, ಎಣಿಸಲಾರದಷ್ಟು.

"ಮೇಡಂ. ನೋ," ಎಂದರು ಒಂದನ್ನು ತೋರಿಸಿ. "ನೋ," ಇನ್ನೊಂದನ್ನು ತೋರಿಸಿ. "ಟುಮಾರೊ? ಕ್ಲಾಸ್?"

ಪರೀಕ್ಷೆ ಮುಗಿದಿದೆ, ಒಂದನೆಯ ತರಗತಿಗೆ ಇಂಗ್ಲಿಷ್ ಬೇಕಿಲ್ಲ ಎಂದು ಶ್ರೀಲತಾ ನಿಧಾನವಾಗಿ ವಿವರಿಸಿದಳು.

"ಐ ನೋ, ಮೇಡಂ," ಎಂದರು ಮರ್ಸಿನಿ. ಈ ‘ನೋ’ ಗೊತ್ತಿದೆ ಎನ್ನುವ ನೋ. ಎಡಕ್ಕೆ ನೋಡಲಿಲ್ಲ. "ಟುಮಾರೊ?"

ಹೊರಗೆ ಈರೇಶ್ ಗಾಜಿನ ಮೇಲಿನ ಐಸ್ ಕೆರೆಯುವ ಸದ್ದು ಕೇಳುತ್ತಿತ್ತು. ನಾಳೆಯಿಂದ ಏಳರವರೆಗೆ ಮಲಗುತ್ತೇನೆಂದು ಅವಳು ರಾತ್ರಿಯಷ್ಟೇ ಅವನಿಗೆ ಹೇಳಿದ್ದಳು.

"ಯೆಸ್, ಬು ಮರ್ಸಿನಿ," ಎಂದಳು.

ಅದು ಯಾವ ಬಗೆಯ ‘ಯೆಸ್’ ಎಂಬುದು ಅವಳಿಗೇ ತಿಳಿಯಲಿಲ್ಲ. ಪರದೆ ಆರಿದ ಮೇಲೆ ನಾಲ್ಕೂವರೆಯ ಅಲಾರಂ ಅಳಿಸಲೆಂದು ಮೊದಲೇ ತೆಗೆದಿಟ್ಟಿದ್ದ ಫೋನನ್ನು ಒಮ್ಮೆ ನೋಡಿ, ಏನನ್ನೂ ಅಳಿಸದೆ ಬೋರಲಾಗಿಟ್ಟು, ಚಹಾಕ್ಕೆ ನೀರಿಟ್ಟಳು.