ತೆಗೆದು ನೋಡದ ಫೋಲ್ಡರ್

ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ‘ತೆಗೆದುನೋಡಿ ಅಣ್ಣ’ ಎಂದು. ಔಷಧಿ ಅಂಗಡಿಯ ಮೆಟ್ಟಿಲ ಕೆಳಗೆ, ಎದ್ದು ನಿಂತರೆ ತಲೆ ಸಿಮೆಂಟಿಗೆ ಬಡಿಯುವಂಥ ಗೂಡಿನಲ್ಲಿ ಅವನ ಕಂಪ್ಯೂಟರ್ ರಿಪೇರಿ ಅಂಗಡಿ. ಕೆಟ್ಟು ಕೂತ ಕಂಪ್ಯೂಟರನ್ನು ಹೊತ್ತು ತಂದವರಿಗೆಲ್ಲ ಒಂದೇ ಪಾಠ. ಸಿ ಡ್ರೈವ್ ಅಳಿಸಿ ಎಲ್ಲ ಹೊಸದಾಗಿ ಹಾಕಬೇಕು, ಅಲ್ಲಿಟ್ಟದ್ದು ಹೋಗುತ್ತದೆ. ಡಿ ಡ್ರೈವ್‌ನಲ್ಲಿ ಇಟ್ಟದ್ದು ಉಳಿಯುತ್ತದೆ. ಅಷ್ಟು ಹೇಳಿ ಸುಮ್ಮನಾಗುವ ಆಸಾಮಿಯೂ ಅಲ್ಲ. ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಅವರ ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ, ಮೌಸನ್ನು ಅವರ ಕೈಗೇ ಕೊಡುತ್ತಿದ್ದ.

“ತೆಗೆದು ನೋಡಿ. ಕಣ್ಣಾರೆ ನೋಡಿ, ‘ಹೂಂ, ಇದೇ’ ಅನ್ನಿ. ಆಮೇಲೆ ಅಳಿಸ್ತೀನಿ.”

“ಹೆಸರು ಕಾಣ್ತಿದೆಯಲ್ಲಪ್ಪ, ಸಾಕು ಬಿಡು,” ಎಂದು ಒಮ್ಮೆ ಟೈಲರ್ ಗೊಣಗಿದ್ದ. ಅಣ್ಣ ಐಕಾನಿನ ಮೂಲೆಯಲ್ಲಿದ್ದ ಪುಟ್ಟ ಬಾಣದ ಗುರುತಿಗೆ ಬೆರಳಿಟ್ಟು ತೋರಿಸಿದ್ದ.

“ಬಾಣ ಇದೆ ನೋಡಿ, ಇದು ಶಾರ್ಟ್‌ಕಟ್. ಮನೆಯಲ್ಲ ಯಜಮಾನ್ರೇ, ಮನೆ ನಂಬರ್ ಬೋರ್ಡು. ಮನೆ ಅಲ್ಲೇ ಬಿಟ್ಟು ಬೋರ್ಡು ಕಿತ್ಕೊಂಡು ಬಂದಿದ್ದೀರಲ್ಲ!”

ಟೈಲರ್ ಆ ಮಾತನ್ನು ಬೀದಿಗೆಲ್ಲ ಹಂಚಿ ನಗಿಸಿದ.

ಇಂಥವನ ಹೆಂಡತಿಗೆ ಗಂಟಲಲ್ಲಿ ಗಡ್ಡೆಯಾಯಿತು. ಧ್ವನಿಪೆಟ್ಟಿಗೆ ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಎಂದರು ಡಾಕ್ಟರು. ಅವಳೋ ಮಾತಿನ ಮಲ್ಲಿ, ತರಕಾರಿ ತರಲು ಹೋದರೆ ಅರ್ಧ ಬೀದಿಯ ಸುದ್ದಿ ಹೊತ್ತು ಬರುವವಳು. ಸುದ್ದಿ ಕೇಳಿ ಅವಳು ಅತ್ತದ್ದು ಜೀವಕ್ಕಾಗಿ ಅಲ್ಲ.

“ಪುಟ್ಟಿಗೆ ಕಥೆ ಹೇಳೋರು ಯಾರ್ರೀ?”

ಅವನು ಒಂದು ಮೈಕು ತಂದು ಮನೆಯ ಕಂಪ್ಯೂಟರಿಗೆ ಸಿಕ್ಕಿಸಿಕೊಟ್ಟ. ಆಪರೇಷನ್ ದಿನ ಹತ್ತಿರವಾದಂತೆ ಅವಳು ಕೋಣೆಯ ಬಾಗಿಲು ಹಾಕಿಕೊಂಡು, ಕಟ್ಟಿದ ಗಂಟಲಲ್ಲೇ ಕಥೆ ಹೇಳಿದಳು. ಇಲಿಗೆ ಹೆದರುವ ಹುಲಿಯ ಕಥೆ, ಸ್ನಾನ ಮಾಡದ ಆನೆಯ ಕಥೆ. ಮಗಳು ದೊಡ್ಡವಳಾದ ಮೇಲೆ ಕೇಳಬೇಕಾದ ಮಾತುಗಳನ್ನೂ ಬೇರೆಯಾಗಿ ಹೇಳಿಟ್ಟಳು. ಎಲ್ಲವೂ ಹೋಗಿ ಕೂತದ್ದು ಸಿ ಡ್ರೈವ್‌ನಲ್ಲಿ. ಮಗುವಿಗೆ ಸುಲಭವಾಗಲೆಂದು ಅವನೇ ಪರದೆಯ ಮೇಲೆ ‘ಅಮ್ಮನ ಕಥೆ’ ಎಂಬ ಶಾರ್ಟ್‌ಕಟ್ ಮಾಡಿಟ್ಟ. ಫೋಲ್ಡರನ್ನು ನಾಳೆ ಡಿಗೆ ಸಾಗಿಸಿದರಾಯಿತು ಎಂದುಕೊಂಡ. ಆ ನಾಳೆ ಆಸ್ಪತ್ರೆಯಲ್ಲಿ ಕಳೆಯಿತು, ಅದರ ಮರುದಿನವೂ. ಆಮೇಲೆ ಅದು ಮನಸ್ಸಿನಿಂದ ಜಾರಿಯೇ ಹೋಯಿತು.

ಹೆಂಡತಿ ಮನೆಗೆ ಬಂದಳು. ಉಸಿರಾಡಲೆಂದು ಕತ್ತಿನಲ್ಲಿ ಮಾಡಿದ ತೂತಿನ ಮೇಲೊಂದು ತೆಳು ಬಟ್ಟೆ. ಯಾರನ್ನಾದರೂ ಕರೆಯಬೇಕಾದರೆ ಚಪ್ಪಾಳೆ. ಸಂಜೆಯಾದರೆ ಮಗಳು ಐಕಾನ್ ಒತ್ತಿ ಕಥೆ ಹಾಕಿಕೊಳ್ಳುವಳು. ತಾಯಿ ಪಕ್ಕದಲ್ಲಿ ಕೂತು ತನ್ನದೇ ದನಿಗೆ ತುಟಿ ಆಡಿಸುವಳು. ಅವನು ಮಾತ್ರ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ನಡೆದುಬಿಡುತ್ತಿದ್ದ. ಆ ದನಿ ಕೇಳಿದರೆ ಕರುಳು ಕಿತ್ತು ಬರುತ್ತಿತ್ತು ಅವನಿಗೆ. ಇದ್ದ ಮನೆಯಲ್ಲೇ ಇರಲಾರದೆ ಓಡುವುದಕ್ಕೆ ಹೇಡಿತನ ಎಂದೇ ಹೆಸರು, ಬೇರೆ ಹೆಸರು ಹುಡುಕುವುದು ಬೇಡ.

ಒಂದು ಭಾನುವಾರ ಕಂಪ್ಯೂಟರ್ ಏಳಲಿಲ್ಲ. ಆನ್ ಮಾಡಿದರೆ ನೀಲಿ ಪರದೆ, ಆರಿಸಿ ಹಾಕಿದರೆ ಮತ್ತದೇ ನೀಲಿ. ತನಗೆ ಗೊತ್ತಿದ್ದ ಉಪಾಯವೆಲ್ಲ ಮಾಡಿ ನೋಡಿದ, ಜಗ್ಗಲಿಲ್ಲ. ಉಳಿದದ್ದು ಅಳಿಸಿ ಹಾಕುವ ದಾರಿ.

“‘ಅಮ್ಮನ ಕಥೆ’ ಡಿನಲ್ಲಿದೆ ತಾನೇ?” ಎಂದು ಹೆಂಡತಿಯನ್ನು ಕೇಳಿದ.

ಅವಳು ಜೋರಾಗಿ ತಲೆಯಾಡಿಸಿ, ನಾನೇ ಇಟ್ಟಿದ್ದೇನೆ ಎಂಬಂತೆ ಎದೆ ತಟ್ಟಿಕೊಂಡಳು. ಗಂಡನ ಡಿ ಡ್ರೈವ್ ಪುರಾಣವನ್ನು ವರ್ಷಗಟ್ಟಲೆ ಕೇಳಿದವಳು, ಒಂದು ದಿನ ಆ ಐಕಾನನ್ನು ಡಿಗೆ ಕಾಪಿ ಮಾಡಿಟ್ಟಿದ್ದಳು, ಪಾಪ.

ಅವನು ಡಿಸ್ಕನ್ನು ಅಂಗಡಿಗೆ ಒಯ್ದು ಸಿಕ್ಕಿಸಿದ. ಡಿ ತೆರೆದರೆ ‘ಅಮ್ಮನ ಕಥೆ’ ಇತ್ತು. ಮೌಸು ಅದರ ಮೇಲೆ ಹೋಗಿ ನಿಂತಿತು. ತೆಗೆದು ನೋಡಬೇಕು; ಅದು ಅವನದೇ ಕಾನೂನು. ತೆಗೆದರೆ ಆ ಗೂಡಿನಲ್ಲಿ ಒಬ್ಬನೇ ಕೂತು ಅವಳ ದನಿ ಕೇಳಬೇಕು. ಬೆರಳು ಒತ್ತಲಿಲ್ಲ. ಮುಖವನ್ನೇ ಬೀದಿಯ ಕಡೆ ತಿರುಗಿಸಿಕೊಂಡ.

“ಹೆಸರು ಕಾಣ್ತಿದೆಯಲ್ಲ, ಸಾಕು,” ಎಂದುಕೊಂಡು ಸಿ ಡ್ರೈವ್ ಅಳಿಸಿದ.

ಸಂಜೆ ಕಂಪ್ಯೂಟರ್ ಹೊಸದರಂತೆ ಎದ್ದಿತು. ಅವನು ಡಿ ತೆರೆದುಕೊಟ್ಟ, ಮಗಳು ಕುಣಿಯುತ್ತ ಬಂದು ಅಲ್ಲಿದ್ದ ಐಕಾನ್ ಒತ್ತಿದಳು. ಫೈಲು ಸಿಗುತ್ತಿಲ್ಲ ಎಂಬ ಸಾಲು ಬಂತು. ಮತ್ತೆ ಒತ್ತಿದಳು, ಮತ್ತದೇ ಸಾಲು. ಅವನು ಬಗ್ಗಿ ನೋಡಿದ. ಮೂಲೆಯಲ್ಲಿ ಬಾಣವಿತ್ತು.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಗಾದೆ ಕೇಳಿ ನಗುವುದು ಸುಲಭ. ಅವನಿಗೆ ನಿಂತ ನೆಲವೇ ಕುಸಿಯಿತು. ಹೆಂಡತಿ ಅವನ ಮುಖ ನೋಡಿದಳು, ಪರದೆ ನೋಡಿದಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಬಯ್ಯಲು ಬಾಯಿ ತೆರೆದಳೋ ಏನೋ, ಕತ್ತಿನ ಬಟ್ಟೆ ಮಾತ್ರ ಪಟಪಟ ಬಡಿಯಿತು. ಬಯ್ಯಿಸಿಕೊಂಡಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಅಳಿಸಿದ್ದನ್ನು ಹುಡುಕಿ ತೆಗೆಯುವ ಸಾಫ್ಟ್‌ವೇರ್ ಹಾಕಿ, ಅಂಗಡಿಯನ್ನೂ ಮುಚ್ಚಿ, ಅನ್ನ ನೀರು ಬಿಟ್ಟು ಅದರ ಮುಂದೆ ಕೂತ. ಆದರೆ ಹಳೆಯದರ ಜಾಗದ ಮೇಲೆ ಅವನು ಹಾಕಿದ ಹೊಸದು ಬಂದು ಕೂತಾಗಿತ್ತು. ಸಿಕ್ಕವು ತುಂಡು ತುಂಡು. ಕೆಲವು ತೆರೆಯಲೇ ಇಲ್ಲ, ಕೆಲವು ಬರೀ ಕರಕರ ಎಂದವು. ಕೊನೆಗೆ ಒಂದು ಪೂರ್ತಿಯಾಗಿ ಸಿಕ್ಕಿತು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಈ ಸಲ ಓಡಲಿಲ್ಲ. ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ಅವನು ಒತ್ತಿದ.

“ಹಲೋ, ಹಲೋ, ಮೈಕ್ ಟೆಸ್ಟ್. ಹೂಂ, ಬರ್ತಾ ಇದೆ. ಈಗ ನೀನು ಮಾತಾಡು.”

ಅವನದೇ ದನಿ. ಆಮೇಲೆ ಕುರ್ಚಿ ಎಳೆದ ಸದ್ದು, ಯಾರೋ ಉಸಿರು ಎಳೆದುಕೊಂಡ ಸದ್ದು. ಅಲ್ಲಿಗೆ ಮುಗಿಯಿತು.

“ಅಮ್ಮ ಮಾತಾಡೇ ಇಲ್ವಲ್ಲ! ಇನ್ನೊಂದ್ಸಲ ಹಾಕಪ್ಪ.”

ಇನ್ನೊಮ್ಮೆ ಹಾಕಿದ. “ಈಗ ನೀನು ಮಾತಾಡು,” ಎಂದಿತು ಕಂಪ್ಯೂಟರ್. ಹೆಂಡತಿ ಮಗಳ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ಹುಲಿಯ ಕಥೆಗೆ ತುಟಿ ಆಡಿಸತೊಡಗಿದಳು. ಮಗಳು ಸ್ವಲ್ಪ ಹೊತ್ತು ಆ ತುಟಿಯನ್ನೇ ನೋಡಿದಳು.

“ಅಪ್ಪಾ, ಸೌಂಡ್ ಜಾಸ್ತಿ ಮಾಡು.”

ಅವನು ಸ್ಪೀಕರಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ.