ದಿನ ಗೊತ್ತಿಲ್ಲದವರ ದೀಪ

ಅಟ್ಟದ ಮೇಲಿನ ರಟ್ಟಿನ ಡಬ್ಬ ಇಳಿಸುವಾಗ ದಪ್ಪ ಗಾಜಿನ ಲೋಟವೊಂದು ಕೈಗೆ ಸಿಕ್ಕಿತು. ತಳದಲ್ಲಿ ಬೆರಳಗಲ ಮೇಣ, ನಡುವೆ ಕರಕಲಾದ ಬತ್ತಿ. ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷದ ಮೇಲೂ ಸಣ್ಣಗೆ ವಾಸನೆ ಉಳಿದಿತ್ತು. ಕೆಲಸ ಅಲ್ಲಿಗೇ ಬಿಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟೆ.

ತೊಂಬತ್ತರ ದಶಕದಲ್ಲಿ ನಾವು ಬೆನ್ಸನ್ ಟೌನಿನ ಹಳೆಯ ಬಂಗಲೆಯೊಂದರ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದೆವು. ರಾಯಚೂರು ಕಡೆಯಿಂದ ಬಂದ ನಾನು, ನನ್ನ ಗಂಡ, ಅತ್ತೆ. ಬಂಗಲೆಯಲ್ಲಿ ಓನರಮ್ಮ ಒಬ್ಬರೇ. ಎಪ್ಪತ್ತು ದಾಟಿದ ಯಹೂದಿ ಹೆಂಗಸು. ಹನ್ನೆರಡನೇ ವಯಸ್ಸಿನಲ್ಲಿ ತಂದೆಯ ಜೊತೆ ಪೋಲೆಂಡಿನಿಂದ ಬಂದವರು. ತಂದೆಗೆ ಇಲ್ಲಿ ಡಾಕ್ಟರ್ ಕೆಲಸ ಸಿಕ್ಕಿತ್ತು. ಅಮ್ಮ ಮತ್ತು ಪುಟ್ಟ ತಂಗಿ ಆಮೇಲಿನ ಹಡಗಿಗೆ ಬರಬೇಕಿತ್ತು. ಅಷ್ಟರಲ್ಲಿ ಮಹಾಯುದ್ಧ ಶುರುವಾಯಿತು. ಆ ಊರಿನ ಯಹೂದಿಗಳನ್ನೆಲ್ಲ ನಾಜಿಗಳು ರೈಲಿನಲ್ಲಿ ತುಂಬಿ ಒಯ್ದರು. ಅಮ್ಮನೂ ತಂಗಿಯೂ ಅವರ ಜೊತೆ ಹೋದರು...

ಇದನ್ನು ಅವರು ಅಳುತ್ತ ಹೇಳಲಿಲ್ಲ, ಕೊತ್ತಂಬರಿ ಸೋಸುತ್ತ ಹೇಳಿದರು. ತರಕಾರಿಯವಳ ಹತ್ತಿರ ತಮಿಳು, ಹಾಲಿನವನ ಹತ್ತಿರ ಉರ್ದು, ನಮ್ಮ ಹತ್ತಿರ ಎಲ್ಲ ಕಲಸಿದ ಕನ್ನಡ. ಅತ್ತೆ ಮಾಡುವ ಜೋಳದ ಖಡಕ್ ರೊಟ್ಟಿ ಎಂದರೆ ಅವರಿಗೆ ಪ್ರಾಣ. ಅವರ ಹಬ್ಬದ ರೊಟ್ಟಿಯೂ ಹೀಗೇ ಕಟಕಟ ಎನ್ನುತ್ತಿತ್ತಂತೆ.

ಪ್ರತಿ ವರ್ಷ ತಂದೆ ತೀರಿಕೊಂಡ ದಿನ ಓನರಮ್ಮ ದೀಪ ಹಚ್ಚುತ್ತಿದ್ದರು. ಶಿವಾಜಿನಗರದ ಚರ್ಚಿನ ಮುಂದೆ ಮಾರುವ ಮೇಣದಬತ್ತಿಗಳನ್ನು ತಂದು ಕರಗಿಸಿ, ಬತ್ತಿ ನಿಲ್ಲಿಸಿ, ಗಾಜಿನ ಲೋಟಕ್ಕೆ ಹೊಯ್ಯುವುದು. ಸಂಜೆ ಹಚ್ಚಿದರೆ ಮರುದಿನ ಸಂಜೆಯವರೆಗೆ ಉರಿಯಬೇಕು. ನನಗೆ ಆಗ ಬುದ್ಧಿ ಕಡಿಮೆ. ಅಮ್ಮನಿಗೆ ಯಾವತ್ತು ಹಚ್ಚುತ್ತೀರಿ ಎಂದು ಕೇಳಿಬಿಟ್ಟೆ.

"ದಿನ ಗೊತ್ತಿಲ್ಲಮ್ಮ," ಎಂದರು. "ಕೆಲವ್ರು ಯಾವ್ದೋ ಒಂದು ಡೇಟ್ ಇಟ್ಕೋತಾರೆ. ನನ್ ಕೈಲಿ ಆಗಲ್ಲ. ನಾನೇ ದಿನ ಆರಿಸಿದ್ರೆ, ನಾನೇ ಅವ್ರನ್ನ ಅವತ್ತು ಸಾಯಿಸ್ದಂಗೆ ಅನ್ಸುತ್ತೆ."

ಆ ದಿನವನ್ನು ಹುಡುಕಿಕೊಂಡೇ ಅವರು ಒಂದು ಬೇಸಿಗೆಯಲ್ಲಿ ಹೊರಟರು. ಪೋಲೆಂಡಿನಲ್ಲಿ ಯಹೂದಿಗಳಿದ್ದ ಊರುಗಳನ್ನೂ ಅವರನ್ನು ಕೊಂದ ಜಾಗಗಳನ್ನೂ ನೋಡಿಬರುವ ತಂಡವೊಂದು ಬಸ್ಸು ಮಾಡಿಕೊಂಡು ಹೋಗುತ್ತಿತ್ತು. ಮೊಣಕಾಲು ನೋವು, ಬಿ.ಪಿ. ಯಾವುದನ್ನೂ ಲೆಕ್ಕಿಸದೆ ಹೆಸರು ಕೊಟ್ಟರು. ಅತ್ತೆ ಒಂದು ಪೆಟ್ಟಿಗೆ ತುಂಬ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟರು. ಯುರೋಪಿನಲ್ಲಿ ಅನ್ನ ಸಿಗುವುದಿಲ್ಲವೇನೋ ಎಂಬಷ್ಟು ಅವರ ಗಡಿಬಿಡಿ.

ವಾಪಸು ಬಂದವರ ಮೊದಲ ವರದಿ ರೊಟ್ಟಿಯದೇ. ಬಸ್ಸಿನವರೆಲ್ಲ ಸೇರಿ ಎರಡೇ ದಿನದಲ್ಲಿ ಮುಗಿಸಿದರಂತೆ. ಉಳಿದದ್ದು ಹೇಳಲು ಒಂದು ವಾರ ಹಿಡಿಯಿತು. ಊರು ಹಾಗೇ ಇದೆ, ಯಹೂದಿಗಳು ಒಬ್ಬರೂ ಇಲ್ಲ. ಪ್ರಾರ್ಥನಾ ಮಂದಿರ ಮರದ ಸಾಮಾನಿನ ಗೋದಾಮಾಗಿದೆ. ಊರ ಕಚೇರಿಯ ಹಳೆಯ ಪುಸ್ತಕದಲ್ಲಿ ಅಮ್ಮನ ಹೆಸರಿತ್ತು, ತಂಗಿಯ ಹೆಸರಿತ್ತು, ರೈಲಿಗೆ ಹತ್ತಿಸಿದ ತಾರೀಖೂ ಇತ್ತು. ತೀರಿಕೊಂಡ ದಿನದ ಕಾಲಂ ಖಾಲಿ. ರೈಲು ಹೋಗಿ ನಿಂತ ಜಾಗದಲ್ಲಿ ಈಗ ಹುಲ್ಲು, ಸುತ್ತ ಕಾಡು. ಅಲ್ಲಿ ನಿಂತು ಇಬ್ಬರ ಹೆಸರನ್ನೂ ಗಟ್ಟಿಯಾಗಿ ಕೂಗಿದರಂತೆ.

"ರೈಲಿನ ತಾರೀಖೇ ಇಟ್ಕೋ ಅಂದ್ರು ಬಸ್ಸಿನವ್ರು," ಎಂದರು. "ಹೇಗಮ್ಮ ಇಟ್ಕೊಳ್ಳೋದು? ಅವತ್ತು ಬದುಕಿದ್ರಲ್ಲ..."

ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದ ಅತ್ತೆ ತಲೆ ಎತ್ತಿದರು. "ದಿನ ಗೊತ್ತಿಲ್ದವ್ರಿಗಂತನ ಒಂದು ಅಮಾಸಿ ಐತ್ರಿ ಅಮ್ಮಾರ. ನನ್ ತಮ್ಮ ಡ್ಯಾಮಿನ ಕೆಲ್ಸಕ್ಕಂತ ಹೋದಾಂವ ತಿರುಗಿ ಬರ್ಲಿಲ್ಲ. ಅವಂಗ ನಾನು ಅವತ್ತ ಎಡಿ ಇಡ್ತೀನಿ."

ನಾನು ಅತ್ತೆಯ ಸೆರಗು ಜಗ್ಗಿದೆ. ಇವರ ದುಃಖಕ್ಕೂ ನಮ್ಮ ಮಹಾಲಯ ಅಮಾವಾಸ್ಯೆಗೂ ಏನು ಸಂಬಂಧ, ಬೇಸರ ಮಾಡಿಕೊಂಡಾರು ಎಂದು ಹೆದರಿಕೆ. ಓನರಮ್ಮ ಮಾತ್ರ ಆ ದಿನವನ್ನು ಯಾರು ಇಟ್ಟಿದ್ದು ಎಂದು ಕೇಳಿದರು. ನಾವ್ಯಾರೂ ಇಟ್ಟಿಲ್ಲ, ಹಿಂದಿನಿಂದ ಇದೆ ಎಂದರು ಅತ್ತೆ.

ಓನರಮ್ಮ ಒಳಗೆ ಹೋಗಿ ತಮ್ಮ ಪಂಚಾಂಗ ತಂದರು. ಅವರ ತಿಂಗಳುಗಳೂ ಚಂದ್ರನನ್ನೇ ನೋಡಿಕೊಂಡು ನಡೆಯುತ್ತವೆ. ಆ ಸಲದ ನಮ್ಮ ಅಮಾವಾಸ್ಯೆ ಅವರ ಹೊಸ ವರ್ಷದ ಮುನ್ನಾದಿನವೇ ಬಿದ್ದಿತ್ತು. ಬೆರಳನ್ನು ಆ ಚೌಕದ ಮೇಲಿಟ್ಟರು.

"ಅವತ್ತು ನಮ್ಮೂರಲ್ಲಿ ಎಲ್ರೂ ಹಿರಿಯರ ಸಮಾಧಿಗೆ ಹೋಗ್ತಿದ್ವಿ. ಅಮ್ಮನ ಕೈ ಹಿಡ್ಕೊಂಡು ನಾನೂ... ಮರ್ತೇ ಹೋಗಿತ್ತು ನೋಡಿ," ಎಂದು ನಕ್ಕರು. ಆ ನಗು ನೆನೆದರೆ ನನಗೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಆ ಅಮಾವಾಸ್ಯೆಗೆ ಓನರಮ್ಮ ತಮ್ಮ ಅಡುಗೆಮನೆಯ ಕಿಟಕಿಯಲ್ಲಿ ಎರಡು ಲೋಟ ಹಚ್ಚಿದರು. ಮೂರನೆಯದನ್ನು ನಮ್ಮ ಬಾಗಿಲಿಗೆ ತಂದು, ಅತ್ತೆಯ ತಮ್ಮನಿಗೆ ಎಂದು ಕೊಟ್ಟರು. ಅತ್ತೆ ಅದನ್ನು ಎಡೆಯ ಪಕ್ಕದಲ್ಲಿಟ್ಟರು. ಓದು ಬಾರದ ಅತ್ತೆ ಅವತ್ತೇ ಆ ಎರಡು ವಿದೇಶಿ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡರು.

ಕೆಲವು ವರ್ಷಗಳಲ್ಲಿ ಓನರಮ್ಮ ತೀರಿಕೊಂಡರು. ಬಂಗಲೆ ಬಿತ್ತು, ನಾವು ರಾಮಮೂರ್ತಿ ನಗರಕ್ಕೆ ಬಂದೆವು. ಅತ್ತೆ ಇರುವವರೆಗೂ ಎಡೆ ಇಟ್ಟು ತಮ್ಮನ ಹೆಸರಿನ ಜೊತೆ ಆ ಎರಡೂ ಹೆಸರು ಹೇಳುತ್ತಿದ್ದರು. ನಾನು ವಡೆ ಕರಿಯುತ್ತ ಅರ್ಧಂಬರ್ಧ ಕೇಳಿಸಿಕೊಳ್ಳುತ್ತಿದ್ದೆ. ಅತ್ತೆ ಇದ್ದಾರಲ್ಲ ಎಂದು ಕಲಿಯಲೇ ಇಲ್ಲ. ಈಗ ಅತ್ತೆಯೂ ಇಲ್ಲ.

ಮೊನ್ನೆ ಲೋಟ ಹಿಡಿದುಕೊಂಡು ಕೂತು ನೆನಪಿಸಿಕೊಂಡೆ. ತಂಗಿಯ ಹೆಸರು ಸಲೀಸಾಗಿ ಬಂತು. ಅಮ್ಮನದು ನಾಲಿಗೆಯ ತುದಿಯವರೆಗೆ ಬಂದು... ಬರಲಿಲ್ಲ. ಆ ಊರ ಪುಸ್ತಕದಲ್ಲಿ ಹೆಸರಿತ್ತು, ತೀರಿಕೊಂಡ ದಿನ ಇರಲಿಲ್ಲ. ನನ್ನ ಹತ್ತಿರ ದಿನ ಇದೆ, ಹೆಸರು ಕಳೆದುಕೊಂಡೆ. ಅದು ನನ್ನದೇ ತಪ್ಪು.

ಲೋಟವನ್ನು ಒರೆಸಿ ಇಟ್ಟಿದ್ದೇನೆ. ಈ ಅಮಾವಾಸ್ಯೆಗೆ ಅದರಲ್ಲೇ ಹೊಸ ಮೇಣ ಹೊಯ್ದು ಹಚ್ಚುತ್ತೇನೆ. ಮೊದಲು ತಂಗಿಯನ್ನು ಹೆಸರು ಹಿಡಿದು ಕರೆಯುತ್ತೇನೆ. ಆಮೇಲೆ, ಇವಳ ಅಮ್ಮ, ಎನ್ನುತ್ತೇನೆ.