ಅಂಕೋಲೆಯ ಮೇಡಂ ಸುಟ್ಟ ಹಗ್ಗ

ಮೊನ್ನೆ ಬಟ್ಟೆ ಒಣಗಿಸಲು ನೈಲಾನ್ ಹಗ್ಗ ಕತ್ತರಿಸಿ, ಎಳೆ ಬಿಚ್ಚದಿರಲೆಂದು ಕಡ್ಡಿ ಗೀರಿ ತುದಿ ಸುಟ್ಟೆ. ಆ ಕಮಟು ವಾಸನೆಗೆ ಅಂಕೋಲೆಯ ಮೇಡಂ ನೆನಪಾದರು.

ಎರಡು ಸಾವಿರದ ಇಸವಿ ಕಳೆದ ಹೊಸತು. ಕಾರವಾರದ ಕಾಲೇಜಿನ ಜೀವಶಾಸ್ತ್ರ ವಿಭಾಗದಲ್ಲಿ ಉಪನ್ಯಾಸಕರೆಂದರೆ ನಾವಿಬ್ಬರೇ. ಗಂಟೆ ಬಾರಿಸುವ ಮೊದಲೇ ನಾನು ತರಗತಿಯ ಬಾಗಿಲಲ್ಲಿರುತ್ತಿದ್ದೆ. ಅವರು ಅಂಕೋಲೆಯ ಬಸ್ಸಿಳಿದು ಏದುಸಿರು ಬಿಡುತ್ತ ಬರುತ್ತಿದ್ದರು. ಮಕ್ಕಳು ಕಾಯುತ್ತಿದ್ದದ್ದು ಮಾತ್ರ ಅವರಿಗಾಗಿ...

ವಿಜ್ಞಾನ ದಿನದ ಉಪನ್ಯಾಸ ಪ್ರತಿವರ್ಷ ನನ್ನದೇ. ಆ ಸಲದ ವಿಷಯ ಟೆಲೊಮಿಯರ್, ಅಂದರೆ ಕ್ರೋಮೊಸೋಮಿನ ತುದಿಯನ್ನು ಕಾಯುವ ಭಾಗ. ನಾನು ಜೀವಿಗಳನ್ನೆಲ್ಲ ಸಾಲಾಗಿ ಜೋಡಿಸಿ ಚಾರ್ಟ್ ಬರೆದೆ: ತುದಿ ಉದ್ದವಾದಷ್ಟೂ ಆಯುಷ್ಯ ಹೆಚ್ಚು.

ಸ್ಟಾಫ್ ರೂಮಿನಲ್ಲಿ ಅದನ್ನು ನೋಡಿದ ಮೇಡಂ, "ಸರ್, ಬಿಳಿ ಇಲಿ ಎಲ್ಲಿ ಹೋಯ್ತು? ಅದರ ತುದಿ ನಮ್ಮದಕ್ಕಿಂತ ಎಷ್ಟೋ ಉದ್ದ. ಬದುಕೋದು ಎರಡ್ಮೂರು ವರ್ಷ. ಪಾಪ, ಅದು ನಿಮ್ಮ ಚಾರ್ಟ್ ಓದ್ಲಿಲ್ಲ ಕಾಣ್ತದೆ!" ಎಂದರು. ಪ್ರಿನ್ಸಿಪಾಲರೂ ನಕ್ಕರು. ಉಪನ್ಯಾಸ ಮೇಡಂ ಪಾಲಾಯಿತು.

ನಾನು ಮೊದಲ ಸಾಲಿನಲ್ಲಿ ಕೂತೆ. ಮೇಡಂ ಬೈತಖೋಲ ಬಂದರಿನ ದೋಣಿಯವರಿಂದ ಹಗ್ಗದ ತುಂಡುಗಳನ್ನು ಕೇಳಿ ತಂದಿದ್ದರು. "ಇದು ಮನುಷ್ಯ, ಇದು ಬಂಗುಡೆ ಮೀನು. ಇಬ್ಬರ ತುದಿಗೂ ಒಂದೇ ನಮೂನೆ ದಾರದ ಸುತ್ತು. ಭತ್ತದ ಗಿಡದ ಸುತ್ತಿನಲ್ಲಿ ಡಿಎನ್ಎಯ ಒಂದಕ್ಷರ ಹೆಚ್ಚು, ಅಷ್ಟೇ." ಆಮೇಲೆ ನೈಲಾನ್ ತುಂಡು ಎತ್ತಿಕೊಂಡು ಕಡ್ಡಿ ಗೀರಿದರು. "ಹಣ್ಣಿನ ನೊಣ ಇದು. ಇದಕ್ಕೆ ಆ ದಾರವೇ ಇಲ್ಲ. ತುದಿ ಕಾಯೋ ದಾರಿಯೇ ಬೇರೆ."

ವಾಸನೆ ಸಭಾಂಗಣ ತುಂಬಿತು. ಹಿಂದಿನ ಬೆಂಚಿನ ಮೀನುಗಾರರ ಹುಡುಗಿ ಎದ್ದು, "ಮೇಡಂ, ನಮ್ಮಪ್ಪನೂ ಹಿಂಗೇ ಸುಡ್ತ!" ಎಂದಳು.

"ಹಾಗಾರೆ ನಾಳೆಯಿಂದ ನಿಮ್ಮಪ್ಪನೇ ಪಾಠ ಮಾಡ್ಲಿ, ನಾನು ಬಲೆಗೆ ಹೋಗ್ತೆ!"

ಸಭೆಯೆಲ್ಲ ನಕ್ಕಿತು. ನನ್ನ ತರಗತಿಯಲ್ಲಿ ಆ ಹುಡುಗಿ ಒಂದು ದಿನವೂ ಬಾಯಿ ಬಿಟ್ಟವಳಲ್ಲ. ನನ್ನ ಹೊಟ್ಟೆ ಉರಿಯಿತು.

ಮೇಡಂ ನಿವೃತ್ತಿಗೆ ಮೊದಲೇ ತೀರಿಕೊಂಡರು. ಆ ಹುಡುಗಿ ಈಗ ತಾನೂ ಶಿಕ್ಷಕಿ. ಕಳೆದ ತಿಂಗಳು ಪೇಟೆಯಲ್ಲಿ ಸಿಕ್ಕಿ, "ಸರ್, ಮೇಡಂನ ಹಗ್ಗದ ಪಾಠ ನಾನೂ ಮಾಡ್ತೆ. ಆ ದಿನ ನೀವೂ ಇದ್ರಿ ಅಲ್ದಾ?" ಎಂದು ಕೇಳಿದಳು.

ಇದ್ದೆ ಎಂದೆ.

ಸುಟ್ಟ ತುದಿ ತಣಿದ ಮೇಲೆ ಹಗ್ಗ ಕಟ್ಟಿದೆ. ಹೊಟ್ಟೆಕಿಚ್ಚು ಇನ್ನೂ ತಣಿದಿಲ್ಲ. ಅದನ್ನು ನೋಡಿ ತಮಾಷೆ ಮಾಡಲು ಅವರಿಲ್ಲ...